ಕೂಸ್ಟೊ ಡಬ್ಬಿ ಮತ್ತು ನಮ್ಮೂರ ಕೆರೆ

ಹೇಮಾವತಿ ನೀರು ಬಂದು ನಮ್ಮ ಕಳ್ಳಂಬೆಳ್ಳ ಕೆರೆ ತುಂಬಿದ ವರ್ಷ ನನಗೊಂದು ಹುಚ್ಚು ಹತ್ತಿತು. ನೀರಿನೊಳಗೆ ಏನಿದೆ ಎಂದು ವಿಡಿಯೊ ಮಾಡಬೇಕು! ಅಕ್ಕನ ಮೊಬೈಲನ್ನು ಊಟದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ, ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟೆ. ಮೇಲೆಳೆದಾಗ ಡಬ್ಬಿ ತುಂಬ ನೀರು. ಮೊಬೈಲ್ ಮತ್ತೆ ಆನ್ ಆಗಲೇ ಇಲ್ಲ. ಅಕ್ಕ ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು.

ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಜಾಕ್ ಈವ್ ಕೂಸ್ಟೊ. ನೀರೊಳಗೆ ಫೋಟೊ ತೆಗೆದವರಲ್ಲಿ ಅವರೇ ಮೊದಲಿಗರಲ್ಲ. 1893ರಲ್ಲೇ ಫ್ರಾನ್ಸ್‌ನ ಜೀವವಿಜ್ಞಾನಿ ಲೂಯಿ ಬೂತಾನ್ ಆ ಕೆಲಸ ಮಾಡಿದ್ದರು. ಆದರೆ ಕಡಲಿನ ಒಳಗನ್ನು ಲೋಕದ ಮನೆಮನೆಗೆ ತಲುಪಿಸಿದವರು ಕೂಸ್ಟೊ.

ಅವರು ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸ್‌ನ ಬೋರ್ಡೊ ನಗರದ ಹತ್ತಿರದ ಒಂದು ಸಣ್ಣ ಊರಲ್ಲಿ. ಹುಡುಗನಾಗಿದ್ದಾಗಲೇ ಕೂಡಿಟ್ಟ ದುಡ್ಡಿನಲ್ಲಿ ಪುಟ್ಟ ಸಿನಿಮಾ ಕ್ಯಾಮೆರಾ ಕೊಂಡು, ಅದನ್ನು ಬಿಚ್ಚಿ ನೋಡಿದವರು. ನೌಕಾಪಡೆ ಸೇರಿದರು, ವಿಮಾನ ಹಾರಿಸುವ ಕನಸು ಕಂಡರು. ಕಾರು ಅಪಘಾತದಲ್ಲಿ ತೋಳುಗಳಿಗೆ ತೀವ್ರ ಪೆಟ್ಟಾಗಿ ಆ ಕನಸು ಮುರಿಯಿತು. ತೋಳಿಗೆ ಬಲ ಬರಲೆಂದು ಸಮುದ್ರದಲ್ಲಿ ಈಜತೊಡಗಿದರು. 1936ರಲ್ಲಿ ಗೆಳೆಯ ಫಿಲಿಪ್ ತಾಯೆ ಕೊಟ್ಟ ಈಜುಕನ್ನಡಕ ಹಾಕಿಕೊಂಡು ನೀರಲ್ಲಿ ಮುಖ ಅದ್ದಿದ್ದೇ ತಡ, ಅವರ ಬದುಕಿನ ದಾರಿಯೇ ಬದಲಾಯಿತು.

ಕಂಡದ್ದನ್ನು ಬೇರೆಯವರಿಗೂ ತೋರಿಸಬೇಕಲ್ಲ! ಆದರೆ ಅದು ಎರಡನೇ ಮಹಾಯುದ್ಧದ ಕಾಲ. ಕೂಸ್ಟೊ ಸೆಕೆಂಡ್ ಹ್ಯಾಂಡ್ ಕಿನಾಮೊ ಕ್ಯಾಮೆರಾ ಕೊಂಡರು. ಅದಕ್ಕೆ ಲೆನ್ಸ್ ಉಜ್ಜಿಕೊಟ್ಟವರು ಹಂಗೆರಿಯ ಒಬ್ಬ ನಿರಾಶ್ರಿತ. ನೀರು ಹೋಗದ ಪೆಟ್ಟಿಗೆ ಮಾಡಿಕೊಟ್ಟವರು ಲೆಯೋನ್ ವೇಶ್ ಎಂಬ ಮೆಕ್ಯಾನಿಕ್. ಸಿನಿಮಾ ರೀಲು ಸಿಗದಿದ್ದಾಗ ಫೋಟೊ ಕ್ಯಾಮೆರಾದ ಫಿಲ್ಮ್ ಸುರುಳಿಗಳನ್ನೇ ಕತ್ತಲಲ್ಲಿ ಒಂದಕ್ಕೊಂದು ಅಂಟಿಸಿಕೊಂಡರು. ಹೀಗೆ 1942ರಲ್ಲಿ ಬರೀ ಉಸಿರು ಕಟ್ಟಿ ಮುಳುಗಿ ತೆಗೆದ ಚಿತ್ರಕ್ಕೆ ಹದಿನೆಂಟು ಮೀಟರ್ ಆಳ ಎಂಬ ಅರ್ಥದ ಹೆಸರಿಟ್ಟರು.

ಆ ಹೆಸರು ಓದಿ ನಾನು ಲೆಕ್ಕ ಹಾಕಿದೆ. ಹತ್ತು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ನೀರಿನ ಭಾರ ಸುಮಾರು 1 ಕೆ.ಜಿ. ಹದಿನೆಂಟು ಮೀಟರಿನಲ್ಲಿ ಅಂಗೈಯಗಲದ ಗಾಜಿನ ಮೇಲೆ ಬೀಳುವುದು ಹತ್ತಿರ ಹತ್ತಿರ 180 ಕೆ.ಜಿ! ಕೆರೆಯ ಎರಡೇ ಮೀಟರಿನಲ್ಲಿ ನನ್ನ ಡಬ್ಬಿಯ ಮುಚ್ಚಳದ ಅಷ್ಟೇ ಜಾಗದ ಮೇಲೆ 20 ಕೆ.ಜಿ. ಟೇಪು ತಡೆದೀತೇ?

ಉಸಿರು ಕಟ್ಟಿ ಎಷ್ಟು ಹೊತ್ತು ಇರಲಾದೀತು? ಪೆಟ್ರೋಲ್ ಅಭಾವದಿಂದ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದ ದಿನಗಳವು. ಅದಕ್ಕೆಂದು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ರೂಪಿಸಿದ್ದ ವಾಲ್ವನ್ನು ಮಾರ್ಪಡಿಸಿ, 1943ರಲ್ಲಿ ಇಬ್ಬರೂ ಸೇರಿ ಆಕ್ವಾಲಂಗ್ ತಯಾರಿಸಿದರು. ಇವತ್ತು ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವವರ ಬೆನ್ನಮೇಲಿರುವುದು ಅದರದೇ ಮುಂದುವರಿದ ರೂಪ.

ಮುಂದೆ, ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಸಿಕ್ಕ ಕ್ಯಾಲಿಪ್ಸೊ ಹಡಗಿನಲ್ಲಿ ಅವರು ಕಡಲು ಸುತ್ತಿದರು. 1956ರಲ್ಲಿ ಲೂಯಿ ಮಾಲ್ ಜೊತೆ ತೆಗೆದ ‘ದಿ ಸೈಲೆಂಟ್ ವರ್ಲ್ಡ್’ ಕಾನ್ ಚಿತ್ರೋತ್ಸವದ ಪಾಮ್ ದೋರ್ ಗೆದ್ದಿತು, ಆಸ್ಕರ್ ಕೂಡ ಪಡೆಯಿತು. ಆದರೆ ಅದೇ ಚಿತ್ರದಲ್ಲಿ ಮೀನುಗಳ ಲೆಕ್ಕಕ್ಕಾಗಿ ಡೈನಮೈಟ್ ಸಿಡಿಸುತ್ತಾರೆ, ಶಾರ್ಕ್‌ಗಳನ್ನು ಸಿಟ್ಟಿನಿಂದ ಕೊಲ್ಲುತ್ತಾರೆ. ನನಗದು ನೋಡಲಾಗಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1960ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಅಣುತ್ಯಾಜ್ಯ ಸುರಿಯುವ ಯೋಜನೆಯನ್ನು ವಿರೋಧಿಸಿದರು. 1973ರಲ್ಲಿ ಕಡಲಿನ ರಕ್ಷಣೆಗೆಂದೇ ಸಂಸ್ಥೆ ಕಟ್ಟಿದರು. 1979ರಲ್ಲಿ ಮಗ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡರೂ ಕೆಲಸ ಬಿಡಲಿಲ್ಲ. 1997ರ ಜೂನ್ 25ರಂದು, 87ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ಕಣ್ಣು ಮುಚ್ಚಿದರು.

ಇಷ್ಟು ಓದಿದ ಮೇಲೆ ನನಗೂ ಒಬ್ಬ ವೇಶ್ ಬೇಕು ಅನ್ನಿಸಿತು. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಅಣ್ಣನೊಬ್ಬನ ಬಳಿ ಹೋದೆ. ನೀರು ಎಲ್ಲಿಂದ ನುಗ್ಗುತ್ತದೆ ಎಂಬುದು ನಮ್ಮ ಕಡೆ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ದಪ್ಪ ಪಿವಿಸಿ ಪೈಪಿನ ತುಂಡು, ಅಕ್ರಿಲಿಕ್ ಹಾಳೆ, ಗ್ರೀಸ್ ಸವರಿದ ರಬ್ಬರ್ ರಿಂಗು, ಎದುರುಬದುರಾಗಿ ಸಮನಾಗಿ ಬಿಗಿದ ನಾಲ್ಕು ಬೋಲ್ಟು. ಮೊದಲು ಒಳಗೆ ಬರೀ ಕಾಗದ ಇಟ್ಟು ಒಂದು ರಾತ್ರಿ ತೊಟ್ಟಿಯಲ್ಲಿ ಮುಳುಗಿಸಿಟ್ಟೆವು. ಬೆಳಿಗ್ಗೆ ಕಾಗದ ಗರಿಗರಿಯಾಗಿಯೇ ಇತ್ತು.

ಈ ಸಲ ಒಳಗಿಟ್ಟದ್ದು ನನ್ನದೇ ಮೊಬೈಲ್. ನಾನು ನೀರಿಗಿಳಿಯಲಿಲ್ಲ, ದಂಡೆಯ ಮೇಲೇ ನಿಂತು ಹಗ್ಗ ಬಿಟ್ಟೆ. ವಿಡಿಯೊದಲ್ಲಿ ಮೊದಲು ಕಂಡದ್ದು ಬರೀ ಹಸಿರು ಮಬ್ಬು. ಆಮೇಲೆ ಪ್ಲಾಸ್ಟಿಕ್ ಕವರು, ಗುಟ್ಕಾ ಪಾಕೆಟ್ಟು, ಹರಿದ ಬಲೆ. ಕೊನೆಗೆ ಬೆರಳುದ್ದದ ಒಂದು ಮೀನು ಗಾಜಿನ ಹತ್ತಿರ ಬಂದು, ಇಣುಕಿ, ಸರಕ್ಕನೆ ಹೋಯಿತು.

ಅಕ್ಕನಿಗೆ ತೋರಿಸಿದೆ. ಅವಳು ಆ ಮೀನನ್ನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದಳು. ನಾನೂ ನೋಡಿದೆ. ನಮ್ಮ ಮನೆಯ ಕಸದ ಕವರು ಈಗ ಕೆರೆಯ ದಾರಿ ಹಿಡಿಯುವುದಿಲ್ಲ.