ಮೆಲಿಟಾ ಬೆಂಟ್ಜ್: ತೊಳೆದು ತೊಳೆದು ಸಾಕಾದವಳು ಕೊಟ್ಟ ಕಾಫಿ ಫಿಲ್ಟರ್

ಮನೆಗೊಂದು ಕಾಫಿ ಮೇಕರ್ ತಗೋಬೇಕು, ಯಾವುದು ಒಳ್ಳೇದು ಅಂತ ಕೇಳುವ ಗೆಳೆಯರಿಗೆ ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ: ಅದನ್ನ ದಿನಾ ತೊಳೆಯೋರು ಯಾರು? ಬೆಲೆ, ಬ್ರ್ಯಾಂಡು ಎಲ್ಲ ಆಮೇಲಿನ ಮಾತು. ಜರ್ಮನಿಯ ಡ್ರೆಸ್ಡನ್ ನಗರದ ಮೆಲಿಟಾ ಬೆಂಟ್ಜ್ ಮನೆಯಲ್ಲಿ ತೊಳೆಯುವವಳು ಆಕೆಯೇ ಆಗಿದ್ದಳು. ಇವತ್ತು ಜಗತ್ತಿನ ಅಡುಗೆಮನೆಗಳಲ್ಲಿರುವ ಪೇಪರ್ ಫಿಲ್ಟರ್ ಹುಟ್ಟಿದ್ದು ಅಲ್ಲಿಂದ.

ಮೆಲಿಟಾ ಹುಟ್ಟಿದ್ದು 1873ರ ಜನವರಿ 31ರಂದು. ಮದುವೆಯಾಗಿದ್ದು ಹ್ಯೂಗೋ ಬೆಂಟ್ಜ್‌ನನ್ನು. ಆ ಕಾಲದ ಕಾಫಿ ಅಂದ್ರೆ ಪುಡಿಯನ್ನು ನೀರಿಗೆ ಸುರಿದು ಕುದಿಸೋದು, ಬಾಯಿಗೆ ಚರಟ ಬರೋದು. ಪರ್ಕೋಲೇಟರ್ ಇದ್ದರೆ ಕುದಿನೀರು ಅದೇ ಪುಡಿಯ ಮೇಲೆ ಮತ್ತೆ ಮತ್ತೆ ಹರಿದು ಕಹಿಯಾಗೋದು. ಬಟ್ಟೆಯಲ್ಲಿ ಸೋಸಿದರೆ ಆ ಬಟ್ಟೆಯನ್ನು ಪ್ರತಿ ಸಲ ಒಗೆಯಬೇಕು, ಸರಿಯಾಗಿ ಒಣಗದಿದ್ದರೆ ಮುಗ್ಗಲು ವಾಸನೆ. ಆಕೆ ಒಂದು ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದಳು, ಮಗನ ಶಾಲೆಯ ನೋಟ್‌ಬುಕ್ಕಿನಿಂದ ಶಾಯಿ ಹೀರುವ ಬ್ಲಾಟಿಂಗ್ ಪೇಪರ್ ಕಿತ್ತು ಒಳಗೆ ಹಾಸಿದಳು, ಪುಡಿ ಹಾಕಿ ಬಿಸಿನೀರು ಹೊಯ್ದಳು. ತಿಳಿಯಾದ ಕಾಫಿ ಇಳಿಯಿತು. ಚರಟವನ್ನು ಕಾಗದದ ಸಮೇತ ಎತ್ತಿ ಎಸೆದರೆ ಕೆಲಸ ಮುಗೀತು.

ಈ ಕಥೆಯನ್ನ ಗೃಹಿಣಿಯೊಬ್ಬಳಿಗೆ ಅಕಸ್ಮಾತ್ ಹೊಳೆದ ಐಡಿಯಾ ಅಂತ ಹೇಳೋರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇದನ್ನೇ ಗಂಡಸೊಬ್ಬ ಪ್ರಯೋಗಾಲಯದಲ್ಲಿ ಮಾಡಿದ್ದರೆ ಸಂಶೋಧನೆ ಅಂತಿದ್ದೆವು. ಆಕೆ ಸುಮ್ಮನೆ ಕೂರಲಿಲ್ಲ. 1908ರಲ್ಲಿ ಬರ್ಲಿನ್ನಿನ ಪೇಟೆಂಟ್ ಕಚೇರಿಯಲ್ಲಿ ತನ್ನ ಫಿಲ್ಟರ್ ನೋಂದಾಯಿಸಿದಳು, ಅದೇ ಡಿಸೆಂಬರ್‌ನಲ್ಲಿ ಕಂಪನಿ ತೆರೆದಳು. ಬಂಡವಾಳ 73 ಫೆನಿಗ್, ಅಂದ್ರೆ ಒಂದು ಮಾರ್ಕ್ ಕೂಡ ಅಲ್ಲ. ಆಗಿನ್ನೂ ಜರ್ಮನಿಯ ಹೆಂಗಸರಿಗೆ ಮತದಾನದ ಹಕ್ಕಿರಲಿಲ್ಲ, ಅದು ಸಿಕ್ಕಿದ್ದು 1918ರಲ್ಲಿ. ಗಂಡ, ಮಕ್ಕಳೇ ಮೊದಲ ಕೆಲಸಗಾರರು. ಹುಡುಗರು ತಳ್ಳುಗಾಡಿಯಲ್ಲಿ ಡಬ್ಬ ಸಾಗಿಸುತ್ತಿದ್ದರು. 1909ರ ಲೈಪ್‌ಜಿಗ್ ಮೇಳದಲ್ಲಿ 1200 ಫಿಲ್ಟರ್‌ಗಳು ಮಾರಾಟವಾದವು. ಮೊದಲ ಮಹಾಯುದ್ಧದಲ್ಲಿ ಲೋಹವೆಲ್ಲ ಸೇನೆಗೆ ಹೋಯಿತು, ಕಾಗದಕ್ಕೆ ರೇಷನ್ ಬಂತು, ಕಾಫಿ ಆಮದು ನಿಂತಿತು, ಹ್ಯೂಗೋ ಸೈನ್ಯಕ್ಕೆ ಹೋದ. ಆಕೆ ರಟ್ಟಿನ ಡಬ್ಬ ಮಾರಿ ಸಂಸಾರ ತೂಗಿಸಿದಳು. 1929ರಲ್ಲಿ ಕಾರ್ಖಾನೆ ಮಿಂಡನ್ ಊರಿಗೆ ಹೋಯಿತು, ತಳ ಕಿರಿದಾದ ಈಗಿನ ಆಕಾರ ಬಂದದ್ದು ಅದರ ನಂತರ.

ನಮ್ಮ ಸ್ಟೀಲ್ ಫಿಲ್ಟರ್ ಕೂಡ ತೂತಿನ ಬಟ್ಟಲೇ, ಆದರೆ ಕಾಗದ ಇಲ್ಲ. ಹಾಗಾಗಿ ತೂತುಗಳು ಕಟ್ಟಿಕೊಳ್ಳುತ್ತವೆ. ಆಗ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಕಾಯಿಸಿ, ಆರಿದ ಮೇಲೆ ತಟ್ಟಿದರೆ ಸುಟ್ಟ ಪುಡಿ ಉದುರುತ್ತೆ. ಪೇಪರ್ ಫಿಲ್ಟರ್‌ಗೆ ಆ ಕಷ್ಟ ಇಲ್ಲ, ಕೋನ್ ತೊಳೆದಿಟ್ಟರೆ ಸಾಕು. ಆದರೆ ಚಿಕೋರಿ ಬೆರೆಸಿದ ನುಣ್ಣನೆ ಪುಡಿ ಹಾಕಿದರೆ ನೀರು ಇಳಿಯೋದೇ ಇಲ್ಲ. ಪುಡಿ ಅಂಗಡಿಯಲ್ಲಿ ಚಿಕೋರಿ ಇಲ್ಲದೆ, ತುಸು ತರಿಯಾಗಿ ಬೀಸಿಸಿಕೊಳ್ಳಿ. ಕರೆಂಟಿನ ಮಷೀನ್ ಆದರೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಒಳಗೆ ಕಟ್ಟುತ್ತೆ, ಆಗಾಗ ಸಿಟ್ರಿಕ್ ಆಸಿಡ್ ಕಲಸಿದ ನೀರು ಹಾಯಿಸಿ, ಆಮೇಲೆ ಎರಡು ಸಲ ಬರೀ ನೀರು. ಹಾಲು ಬೆರೆಸಿ ಕುಡಿಯೋರಿಗೆ ಪೇಪರ್ ಕಾಫಿ ನೀರು ನೀರು ಅನ್ನಿಸುತ್ತೆ. ಅವರು ದುಡ್ಡು ಖರ್ಚು ಮಾಡೋದು ಬೇಡ, ಸ್ಟೀಲ್ ಫಿಲ್ಟರೇ ಸರಿ.

ಮೆಲಿಟಾ ಬಗ್ಗೆ ಹೊಗಳಿ ಬರೆಯೋರು ಸಾಮಾನ್ಯವಾಗಿ ಆಕೆಯ ಕಾರ್ಖಾನೆಯ ಸೌಲಭ್ಯಗಳ ಹತ್ತಿರ ನಿಲ್ಲಿಸಿಬಿಡ್ತಾರೆ. ಕ್ರಿಸ್ಮಸ್ ಬೋನಸ್, 6 ದಿನದಿಂದ 15 ದಿನಕ್ಕೆ ಏರಿದ ರಜೆ, ವಾರಕ್ಕೆ ಐದೇ ದಿನ ಕೆಲಸ. ದುಡಿಯುವವರ ಪಾಲಿಗೆ ಇವು ಸಣ್ಣ ಸಂಗತಿಗಳಲ್ಲ. ಆದರೆ ಕಥೆ ಮುಂದೂ ಇದೆ. 1932ರಲ್ಲಿ ಆಕೆ ಕಂಪನಿಯ ಹೆಚ್ಚಿನ ಪಾಲನ್ನು ಮಕ್ಕಳಾದ ವಿಲ್ಲಿ ಮತ್ತು ಹೋರ್ಸ್ಟ್‌ಗೆ ವಹಿಸಿದಳು. ಮರುವರ್ಷ ಹಿಟ್ಲರ್ ಬಂದ. ಹೋರ್ಸ್ಟ್ ನಾಜಿ ಪಕ್ಷ ಸೇರಿದ, ಕಂಪನಿಗೆ ನಾಜಿ ಮಾದರಿ ಉದ್ಯಮ ಅನ್ನುವ ಬಿರುದು ಸಿಕ್ಕಿತು. ಕಾರ್ಮಿಕ ಕಲ್ಯಾಣಕ್ಕೆ ಬಿರುದು ಹಂಚುತ್ತಿದ್ದ ಅದೇ ಸರ್ಕಾರ 1933ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳನ್ನೆಲ್ಲ ಮುಚ್ಚಿಸಿ, ನಾಯಕರನ್ನು ಬಂಧಿಸಿತ್ತು. ರಜೆ, ಬೋನಸ್ ಇತ್ತು. ಕೇಳುವ ಬಾಯಿ ಇರಲಿಲ್ಲ. ಮಾಲೀಕರ ಔದಾರ್ಯ ಕಂಡಾಗೆಲ್ಲ ನನಗೆ ಮಿಂಡನ್ ನೆನಪಾಗೋದು ಇದಕ್ಕೇ. ಯುದ್ಧ ಬಂದ ಮೇಲೆ ಅಲ್ಲಿ ಸೇನೆಗೆ ಬೇಕಾದ ಸಾಮಾನು ತಯಾರಾಯಿತು. ಆಡಳಿತ ಮಕ್ಕಳ ಕೈಲಿತ್ತು ನಿಜ, ಪೊಟ್ಟಣದ ಮೇಲಿದ್ದ ಹೆಸರು ಮಾತ್ರ ಆಕೆಯದ್ದೇ.

1950ರ ಜೂನ್ 29ರಂದು, 77ನೇ ವಯಸ್ಸಿನಲ್ಲಿ ಮೆಲಿಟಾ ತೀರಿಕೊಂಡಳು. ಅಷ್ಟರಲ್ಲಿ ಫಿಲ್ಟರ್ ತಯಾರಿಕೆ ಮತ್ತೆ ಶುರುವಾಗಿತ್ತು. ಕಂಪನಿ ಇವತ್ತಿಗೂ ಮಿಂಡನ್‌ನಲ್ಲೇ ಇದೆ, ಬೆಂಟ್ಜ್ ಮನೆತನದ ಕೈಯಲ್ಲೇ ಇದೆ.