ಟೈಕೋನ ಒಂದು ನಿಮಿಷ, ವೆನ್ ದ್ವೀಪದ ಬಿಟ್ಟಿ ಚಾಕರಿ

ಟೈಕೋ ಬ್ರಾಹೆ ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಲೋಹದ ಮೂಗು. 1566ರಲ್ಲಿ ಕತ್ತಿ ಕಾಳಗವೊಂದರಲ್ಲಿ ಮೂಗಿನ ತುಂಡು ಕಳ್ಕೊಂಡ ಡೆನ್ಮಾರ್ಕಿನ ಸಿರಿವಂತ. ನನಗೂ ಬಹಳ ಕಾಲ ಅಷ್ಟೇ ಗೊತ್ತಿತ್ತು. ಈಗ ನನ್ನನ್ನ ಕಾಡೋದು ಆತ ಆಕಾಶ ಅಳೆದ ರೀತಿ, ಮತ್ತೆ ಆ ಅಳತೆಗೆ ಬೆವರು ಸುರಿಸಿದವರು.

1572ರಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಿತು. ಅದು ಚಂದ್ರನಿಗಿಂತ ಬಹಳ ದೂರದಲ್ಲಿದೆ ಅಂತ ಟೈಕೋ ಅಳೆದು ತೋರಿಸಿದ. ಹೆಸರು ಹಬ್ಬಿತು. ಈತ ದೇಶ ಬಿಟ್ಟು ಹೋಗದಿರಲಿ ಅಂತ ದೊರೆ ಎರಡನೇ ಫ್ರೆಡರಿಕ್ 1576ರಲ್ಲಿ ವೆನ್ ದ್ವೀಪವನ್ನೇ ಕೊಟ್ಟುಬಿಟ್ಟ, ಮೇಲೆ ಹಣ. ದ್ವೀಪದಲ್ಲಿ ಆಗಲೇ ರೈತರಿದ್ದರು. ಅವರನ್ನ ಕೇಳೋರು ಯಾರು? ಪ್ರತಿ ಒಕ್ಕಲಿನಿಂದ ವಾರಕ್ಕೆ ಎರಡು ದಿನ, ಹೊತ್ತು ಹುಟ್ಟಿದಾಗಿನಿಂದ ಮುಳುಗೋವರೆಗೆ ಬಿಟ್ಟಿ ಚಾಕರಿ. ರೈತರು ದೂರು ಕೊಟ್ಟರೂ ಫ್ರೆಡರಿಕ್ ನಿಂತದ್ದು ಟೈಕೋ ಕಡೆ.

ಹೀಗೆ ಎದ್ದ ಉರಾನಿಬೋರ್ಗ್ ವೀಕ್ಷಣಾಲಯದಲ್ಲಿ ದೂರದರ್ಶಕ ಇರಲಿಲ್ಲ. ಅದಿನ್ನೂ ಹುಟ್ಟೇ ಇರಲಿಲ್ಲ. ಇದ್ದದ್ದು ಬರಿಗಣ್ಣು ಮತ್ತು ಗೋಡೆಗೆ ಕೂರಿಸಿದ, ಸುಮಾರು ಎರಡು ಮೀಟರ್ ತ್ರಿಜ್ಯದ ಹಿತ್ತಾಳೆಯ ಕಾಲುವೃತ್ತ. ಅಷ್ಟು ದೊಡ್ಡದು ಯಾಕೆ? ಅದರ ಮೇಲೆ ಒಂದು ಡಿಗ್ರಿಗೆ ಮೂರು ಸೆಂಟಿಮೀಟರಿಗೂ ಹೆಚ್ಚು ಜಾಗ ಸಿಗುತ್ತೆ. ಡಿಗ್ರಿಯ 60ನೇ ಪಾಲು, ಅಂದರೆ ಕೋನದ ಒಂದು ನಿಮಿಷ, ಹೆಚ್ಚೂಕಡಿಮೆ ಅರ್ಧ ಮಿಲಿಮೀಟರ್. ಗೆರೆಗಳ ನಡುವೆ ಓರೆಯಾಗಿ ಚುಕ್ಕಿ ಸಾಲಿಟ್ಟು ಆತ ಇನ್ನೂ ಸಣ್ಣ ಪಾಲು ಓದ್ತಿದ್ದ. ಗಾಳಿಗೆ ಯಂತ್ರ ಅಲುಗಬಾರದು ಅಂತ 1584ರ ಹೊತ್ತಿಗೆ ನೆಲದೊಳಗೇ ಇನ್ನೊಂದು ವೀಕ್ಷಣಾಲಯ ಮಾಡಿಸಿದ.

ಹಿಂದಿನವರ ಅಳತೆಯಲ್ಲಿ 10 ನಿಮಿಷದ ತಪ್ಪು ಮಾಮೂಲು. ಟೈಕೋನ ಒಳ್ಳೆಯ ಅಳತೆಗಳಲ್ಲಿ ಅದು ಒಂದು ನಿಮಿಷದ ಆಸುಪಾಸು, ಅಂದರೆ ಹುಣ್ಣಿಮೆ ಚಂದ್ರನ ಅಗಲದ 30ನೇ ಪಾಲು.

ಮುಂದಿನ ದೊರೆ ನಾಲ್ಕನೇ ಕ್ರಿಶ್ಚಿಯನ್ ಹಣ ಕಡಿತ ಮಾಡಿದ. ರೈತರ ದೂರಿನ ವಿಚಾರಣೆಯೂ ನಡೀತು. 1597ರಲ್ಲಿ ಟೈಕೋ ದ್ವೀಪ ಬಿಟ್ಟ, 1601ರಲ್ಲಿ ಪ್ರಾಗ್‌ನಲ್ಲಿ ತೀರಿಕೊಂಡ. ಆತನ ಲೆಕ್ಕದ ಪುಸ್ತಕಗಳು ಸಹಾಯಕ ಕೆಪ್ಲರ್ ಕೈಗೆ ಬಂದವು. ಮಂಗಳನ ದಾರಿ ವೃತ್ತ ಅಂತ ಲೆಕ್ಕ ಹಾಕಿದರೆ 8 ನಿಮಿಷ ತಾಳೆಯಾಗಲಿಲ್ಲ. ಬೇರೆಯವರ ಅಳತೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಟೈಕೋನದು ಅಂತ ಕೆಪ್ಲರ್ ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ಮಂಗಳನ ದಾರಿ ದೀರ್ಘವೃತ್ತ ಅಂತ ಪ್ರಕಟಿಸಿದ. ತಮಾಷೆ ಅಂದರೆ, ಸೂರ್ಯನೇ ಭೂಮಿಯನ್ನ ಸುತ್ತೋದು ಅಂತ ಟೈಕೋ ಕಡೇವರೆಗೂ ನಂಬಿದ್ದ.

ಆ 8 ನಿಮಿಷವನ್ನ ಹಿಡಿದುಕೊಟ್ಟದ್ದು ಟೈಕೋನ ಕಣ್ಣು ಮಾತ್ರ ಅಂತ ಒಪ್ಪೋಕೆ ನನಗಾಗಲ್ಲ. ಉರಾನಿಬೋರ್ಗ್ ಮಾತ್ರ ಹೆಚ್ಚು ಕಾಲ ಉಳಿಯಲಿಲ್ಲ. ಆತ ಸತ್ತ ಸ್ವಲ್ಪ ಕಾಲಕ್ಕೇ ಅದನ್ನ ಕೆಡವಿಹಾಕಿದರು.