ಶಿಶುವಿಹಾರದ ಶಿಲ್ಪಿ ಫ್ರೋಬೆಲ್

ಫ್ರೆಡರಿಕ್ ಫ್ರೋಬೆಲನು 1782ರಲ್ಲಿ ಜರ್ಮನಿಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಜನಿಸಿದನು. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆಗೆ ಬಿಡುವಿರಲಿಲ್ಲ, ಮಲತಾಯಿಯ ಅಕ್ಕರೆಯೂ ಬಹುಕಾಲ ಉಳಿಯಲಿಲ್ಲ. ಮನೆಯ ತೋಟದ ಗಿಡಬಳ್ಳಿಗಳೇ ಆ ಒಂಟಿ ಬಾಲಕನ ಒಡನಾಡಿಗಳಾದವು.

ಮುಂದೆ ಅವನು ಉಪಾಧ್ಯಾಯನಾಗಿ ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿಯ ಶಾಲೆಯಲ್ಲಿ ಎರಡು ವರ್ಷ ಕಳೆದನು. ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ದುಡಿಯುವಾಗ ಹರಳುಗಳ ಅಚ್ಚುಕಟ್ಟಾದ ಆಕಾರಗಳು ಅವನ ಮನಸ್ಸನ್ನು ಸೆರೆಹಿಡಿದವು.

1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಅದು ಬರಿಯ ಹೆಸರಲ್ಲ. ಪ್ರತಿಯೊಂದು ಮಗುವಿಗೂ ಬಿತ್ತಿ ಬೆಳೆಯಲು ಒಂದು ಪಾತಿಯಿತ್ತು. ಕಾಣಿಕೆಗಳೆಂದು ಅವನು ಕರೆದ ಆಟಿಕೆಗಳಂತೂ ಇನ್ನೂ ವಿಶಿಷ್ಟವಾದವು. ಮೊದಲನೆಯದು ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಳ, ಘನ ಮತ್ತು ಸಿಲಿಂಡರ್. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದ ಒಂದು ಘನ. ವಿಜಯಪುರದ ಗೋಳಗುಮ್ಮಟವನ್ನು ಕಂಡವರಿಗೆ ಇದರ ಮರ್ಮ ಬೇಗ ಹೊಳೆದೀತು: ಘನಾಕಾರದ ಕಟ್ಟಡ, ಅದರ ಮೇಲೊಂದು ಅರ್ಧಗೋಳ! ಇಂಥ ಆಕಾರಗಳನ್ನು ಮಗುವು ಪುಸ್ತಕದಿಂದಲ್ಲ, ತನ್ನ ಕೈಯಿಂದಲೇ ಅರಿಯಬೇಕೆಂಬುದು ಅವನ ಆಶಯವಾಗಿತ್ತು.

1851ರಲ್ಲಿ ಪ್ರಷ್ಯಾ ಸರಕಾರವು ಶಿಶುವಿಹಾರಗಳನ್ನು ನಿಷೇಧಿಸಿತು. ಅಣ್ಣನ ಮಗ ಕಾರ್ಲನ ಬರಹವನ್ನು ಇವನದೆಂದು ಭ್ರಮಿಸಿ ನಾಸ್ತಿಕತೆಯ ಆರೋಪ ಹೊರಿಸಲಾಯಿತು. ಆಟದಲ್ಲಿಯೂ ದೇವರ ನಿಯಮವನ್ನೇ ಕಂಡವನಿಗೆ ಎಂತಹ ಅಪವಾದ! ಅವನ ಮನವಿ ಫಲಿಸಲಿಲ್ಲ. ಮರುವರ್ಷ ಜೂನ್ 21ರಂದು ಫ್ರೋಬೆಲನು ಕಣ್ಣುಮುಚ್ಚಿದನು. ನಿಷೇಧವು ತೆರವಾದುದು 1860ರಲ್ಲಿ. ಅಷ್ಟರಲ್ಲಿಯೇ ಅವನ ಪಾಠ ಕೇಳಿದ ಹೆಣ್ಣುಮಕ್ಕಳು ಕಡಲಾಚೆಯ ಅಮೆರಿಕದಲ್ಲಿಯೂ ಮಕ್ಕಳ ತೋಟವನ್ನು ತೆರೆದಿದ್ದರು.